ಭಾಷೆ ಬಾರದ ಹಳೆಯ ಚಿತ್ರ ಅಷ್ಟು ಹೆದರಿಸುವುದು ಹೇಗೆ?

ಹಳೆಯ ವಿದೇಶಿ ಚಿತ್ರಗಳ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ನನ್ನನ್ನು ಕೇಳುವ ಪ್ರಶ್ನೆಯೊಂದಿದೆ: ಭಾಷೆ ಬಾರದು, ಬಣ್ಣವಿಲ್ಲ, ತೆಗೆದು ಎಪ್ಪತ್ತು ವರ್ಷ ದಾಟಿದೆ, ಅಂಥದ್ದನ್ನು ಸಬ್‌ಟೈಟಲ್ ಓದುತ್ತಾ ನೋಡಿದರೆ ಎದೆ ಢವಗುಟ್ಟುವುದಾದರೂ ಹೇಗೆ? ನನ್ನ ಉತ್ತರವೆಲ್ಲ ಒಂದೇ ಚಿತ್ರದಲ್ಲಿದೆ. ಆನ್ರಿ ಜಾರ್ಜ್ ಕ್ಲೂಜೊ 1953ರಲ್ಲಿ ನಿರ್ದೇಶಿಸಿದ, ‘ದಿ ವೇಜಸ್ ಆಫ್ ಫಿಯರ್’ ಎಂಬ ಇಂಗ್ಲಿಷ್ ಹೆಸರಿನಿಂದ ಪರಿಚಿತವಾದ ಫ್ರೆಂಚ್ ಚಿತ್ರ ಅದು.

ಕಥೆಯನ್ನು ಎರಡು ಸಾಲಿನಲ್ಲಿ ಹೇಳಿಬಿಡಬಹುದು. ದಕ್ಷಿಣ ಅಮೆರಿಕದ ಒಂದು ಬಡ ಊರಿನಲ್ಲಿ ಊರಿಗೆ ಮರಳಲು ಕಾಸಿಲ್ಲದೆ ಸಿಕ್ಕಿಬಿದ್ದಿರುವ ಪರದೇಶಿಗಳಲ್ಲಿ ನಾಲ್ವರು, ತಲೆಗೆ 2000 ಡಾಲರ್ ಕೂಲಿಗೆ, ಎರಡು ಲಾರಿಗಳಲ್ಲಿ, ತುಸು ಕುಲುಕಿದರೂ ಸಿಡಿಯಬಲ್ಲ ಸ್ಫೋಟಕ ದ್ರವವಾದ ನೈಟ್ರೋಗ್ಲಿಸರಿನ್ ತುಂಬಿಕೊಂಡು, ಸುಮಾರು 500 ಕಿಲೋಮೀಟರ್ ದೂರದಲ್ಲಿ ಹೊತ್ತಿ ಉರಿಯುತ್ತಿರುವ ತೈಲಬಾವಿಯತ್ತ ಹೊರಡುತ್ತಾರೆ. ಭಾರೀ ಸ್ಫೋಟವೊಂದರ ಹೊಡೆತದಿಂದ ಮಾತ್ರ ಅಂಥ ಬೆಂಕಿಯನ್ನು ಬಾವಿಯ ಬಾಯಿಂದ ಕಿತ್ತು ಆರಿಸಲು ಸಾಧ್ಯ ಎಂಬುದು ಕಂಪನಿಯ ಲೆಕ್ಕ.

ಮೊದಲ ಸಲ ನಾನು ಇದನ್ನು ಅರ್ಧ ಗಂಟೆಗೇ ನಿಲ್ಲಿಸಿಬಿಟ್ಟಿದ್ದೆ. ಲಾರಿಗಳು ಹೊರಡುವುದಕ್ಕೇ ಒಂದು ಗಂಟೆ ಹಿಡಿಯುತ್ತದೆ. ಅಲ್ಲಿಯವರೆಗೆ ಬಿಸಿಲು, ಧೂಳು, ಕೆಲಸವಿಲ್ಲದ ಗಂಡಸರ ಜಗಳ. ಕೆಲವು ತಿಂಗಳ ನಂತರ ಒಂದು ರಾತ್ರಿ ಮತ್ತೆ ಹಚ್ಚಿ ಕುಳಿತಾಗಲಷ್ಟೇ ಆ ಒಂದು ಗಂಟೆಯ ಬೆಲೆ ತಿಳಿಯಿತು. ಆ ಊರಿನಲ್ಲಿ ಉಳಿಯುವುದೆಂದರೆ ಏನೆಂದು ಗೊತ್ತಾಗದೆ ಹೋದರೆ, ಇಂಥ ಲಾರಿಯನ್ನು ಹತ್ತಲು ಜನ ಪೈಪೋಟಿ ನಡೆಸುವುದನ್ನು ನಾವು ನಂಬುತ್ತಲೇ ಇರಲಿಲ್ಲ.

ಇನ್ನು ಹೆದರಿಕೆಯ ಮಾತು. ಹೊರಡುವ ಮುನ್ನ ಕಂಪನಿಯವನು ಆ ದ್ರವವನ್ನು ತುಸುವೇ ನೆಲಕ್ಕೆ ಬೀಳಿಸಿ ತೋರಿಸುತ್ತಾನೆ; ಅದು ಸಿಡಿಯುತ್ತದೆ. ನಿಯಮ ಅಷ್ಟೇ, ಅದಕ್ಕೆ ಯಾವ ಭಾಷೆಯೂ ಬೇಡ. ಆ ಗಳಿಗೆಯಿಂದ ರಸ್ತೆಯ ಪ್ರತಿಯೊಂದು ಕಲ್ಲನ್ನೂ ಹಳ್ಳವನ್ನೂ ಚಾಲಕನಿಗಿಂತ ಮೊದಲು ನಾವೇ ಹುಡುಕತೊಡಗುತ್ತೇವೆ. ನಿರ್ದೇಶಕರು ನಮ್ಮನ್ನು ಬೆಚ್ಚಿಬೀಳಿಸಲು ಹೋಗುವುದಿಲ್ಲ, ಕಾಯಿಸುತ್ತಾರೆ. ಕಡಿದಾದ ತಿರುವೊಂದರಲ್ಲಿ ಲಾರಿಯನ್ನು ಒಮ್ಮೆಗೇ ತಿರುಗಿಸಲಾಗದೆ, ಕಂದರದ ಮೇಲೆ ಚಾಚಿಕೊಂಡಿರುವ ಮರದ ಅಟ್ಟಣೆಯ ಮೇಲೆ ಹಿಂದಕ್ಕೆ ತೆಗೆದುಕೊಳ್ಳಬೇಕಾಗುತ್ತದೆ. ಹಲಗೆಗಳು ಲಡ್ಡಾಗಿವೆ, ಚಕ್ರ ನಿಂತಲ್ಲೇ ಜಾರುತ್ತಿದೆ. ಎಂಜಿನ್ನಿನ ಮೊರೆತವೂ ಮರದ ಕಿರುಗುಟ್ಟುವಿಕೆಯೂ ಕೇಳುತ್ತಿರುವಾಗ, ಸಬ್‌ಟೈಟಲ್ ಇತ್ತೋ ಇಲ್ಲವೋ ಎಂಬುದೇ ನನಗೆ ನೆನಪಿಲ್ಲ.

ಭಾಷೆಯ ವಿಷಯದಲ್ಲಿ ಇನ್ನೊಂದು ಮಾತು ಹೇಳಬೇಕು. ಈ ಚಿತ್ರದಲ್ಲಿ ಫ್ರೆಂಚ್ ಜೊತೆಗೆ ಇಂಗ್ಲಿಷ್, ಸ್ಪ್ಯಾನಿಷ್, ಇಟಾಲಿಯನ್, ಜರ್ಮನ್ ಮಾತುಗಳೂ ಕಿವಿಗೆ ಬೀಳುತ್ತವೆ. ಪಾತ್ರಗಳೇ ಪರಭಾಷೆಗಳ ನಡುವೆ ತಡವರಿಸುತ್ತಿರುವಾಗ, ಹೊರಗಿನಿಂದ ನೋಡುವ ನಾವು ಅವರಿಗಿಂತ ಹೆಚ್ಚು ಹೊರಗಿನವರೇನಲ್ಲ.

ಬಣ್ಣವಿಲ್ಲವೆಂಬ ಕೊರಗನ್ನು ನಾನು ಒಪ್ಪುವುದೇ ಇಲ್ಲ. ಚಿತ್ರದ ಕೊನೆಯ ಭಾಗದಲ್ಲಿ ಕಚ್ಚಾ ತೈಲ ತುಂಬಿನಿಂತ ದೊಡ್ಡ ಗುಂಡಿಯೊಂದು ಬರುತ್ತದೆ. ಅದರಲ್ಲಿ ಮುಳುಗಿ ಎದ್ದವರ ಮೈಯೆಲ್ಲ ಮಸಿಗಪ್ಪು, ಆ ಕಪ್ಪಿನ ನಡುವೆ ಕಣ್ಣುಗಳೆರಡೇ ಬೆಳ್ಳಗೆ. ಛಾಯಾಗ್ರಾಹಕ ಆರ್ಮಾಂ ತಿರಾರ್ ಅವರ ಈ ಚಿತ್ರಿಕೆಗೆ ಬಣ್ಣ ಬಂದಿದ್ದರೆ, ಅದು ಬರಿಯ ಕೆಸರಾಗಿ ಕಾಣುತ್ತಿತ್ತೆಂದು ನನ್ನ ಅನಿಸಿಕೆ. 1953ರಲ್ಲೇ ಕಾನ್ ಮತ್ತು ಬರ್ಲಿನ್ ಎರಡೂ ಚಿತ್ರೋತ್ಸವಗಳ ಅತ್ಯುನ್ನತ ಪ್ರಶಸ್ತಿಗಳು ಈ ಚಿತ್ರಕ್ಕೆ ಸಂದವು.

ಯಾವ ದೃಶ್ಯಕ್ಕಾಗಿ ನೋಡಬೇಕೆಂದು ಕೇಳುವವರಿಗೆ ನಾನು ಒಂದನ್ನು ಮಾತ್ರ ಹೇಳುತ್ತೇನೆ. ಯಾರಿಗೆ ಏನಾಯಿತೆಂದು ಹೇಳುವುದಿಲ್ಲ. ಓಡುವ ಲಾರಿಯಲ್ಲಿ ಕುಳಿತವನೊಬ್ಬ ಸಿಗರೇಟು ಸುತ್ತಿಕೊಳ್ಳುತ್ತಿದ್ದಾನೆ. ಕಾಗದದ ಮೇಲೆ ಹರಡಿದ್ದ ಹೊಗೆಸೊಪ್ಪು ಇದ್ದಕ್ಕಿದ್ದಂತೆ ಹಾರಿಹೋಗುತ್ತದೆ. ಸದ್ದು ಕೇಳುವುದು ಆಮೇಲೆ.