ಫಾರ್ಮ್ಯಾಟ್ ಆಮೇಲೆ, ಮೊದಲು ಚಿತ್ರದ ಅಳತೆ ಇಳಿಸಿ

ಸೈಟ್ ನಿಧಾನ ಅಂದ ಕೂಡಲೇ ಎಲ್ಲರೂ ಹುಡುಕುವುದು ಚಿತ್ರಗಳನ್ನು ವೆಬ್‌ಪಿ ಎಂಬ ಚಿಕ್ಕ ಫೈಲಿನ ಫಾರ್ಮ್ಯಾಟ್‌ಗೆ ಬದಲಿಸುವ ಕನ್ವರ್ಟರ್. ಆದರೆ ಹೊರೆ ಇರುವುದು ಬಹುಪಾಲು ಪಿಕ್ಸೆಲ್‌ಗಳಲ್ಲಿ. 12 ಮೆಗಾಪಿಕ್ಸೆಲ್ ಫೋನಿನ ಫೋಟೊ 4000×3000 ಇರುತ್ತದೆ. ಬರಹದ ಅಂಕಣ 800 ಪಿಕ್ಸೆಲ್ ಅಗಲವಿದ್ದರೆ, ಒಳ್ಳೆಯ ಪರದೆಗಳಿಗೆಂದು ಎರಡು ಪಟ್ಟು ಹಿಡಿದರೂ 1600 ಸಾಕು. ಅಷ್ಟಕ್ಕೇ ಪಿಕ್ಸೆಲ್‌ಗಳು ನೂರಕ್ಕೆ 16ಕ್ಕೆ ಇಳಿಯುತ್ತವೆ. ಕ್ವಾಲಿಟಿ ಇಳಿಸಿ ಫೈಲನ್ನಷ್ಟೇ ಚಿಕ್ಕದು ಮಾಡಿದರೆ ಈ ಲಾಭವಿಲ್ಲ: ಬ್ರೌಸರ್ ಚಿತ್ರವನ್ನು ಬಿಚ್ಚುವಾಗ ಪ್ರತಿ ಪಿಕ್ಸೆಲ್‌ಗೆ 4 ಬೈಟ್ ಬೇಕು, ಅಂದರೆ 4000×3000ಕ್ಕೆ 48 ಎಂಬಿ ಮೆಮೊರಿ. ಅಗ್ಗದ ಫೋನ್‌ಗಳಲ್ಲಿ ಸ್ಕ್ರೋಲ್ ತಡವರಿಸಲು ಇದೂ ಒಂದು ಕಾರಣ.

ಒಂದೆರಡು ಚಿತ್ರಕ್ಕೆ ಗೂಗಲ್‌ನವರ ಸ್ಕ್ವೂಶ್ ಎಂಬ ವೆಬ್ ಆ್ಯಪ್ ಸಾಕು. ಕೆಲಸವೆಲ್ಲ ಬ್ರೌಸರ್‌ನೊಳಗೇ ಆಗುತ್ತದೆ, ಚಿತ್ರ ಸರ್ವರ್‌ಗೆ ಹೋಗುವುದಿಲ್ಲ. ರೀಸೈಜ್‌ನಲ್ಲಿ ಅಗಲ 1600 ಕೊಟ್ಟು, ವೆಬ್‌ಪಿ ಆರಿಸಿ, ಕ್ವಾಲಿಟಿ 75ರಿಂದ ಶುರುಮಾಡಿ. ಮೂಲ ಚಿತ್ರ, ಹಿಂಡಿದ ಚಿತ್ರಗಳ ನಡುವಿನ ಗೆರೆಯನ್ನು ಆಚೀಚೆ ಎಳೆಯುತ್ತ ಆಕಾಶ, ಮುಖದ ಚರ್ಮ, ನೆರಳಿನ ಜಾಗ ನೋಡಿ. ಹಾಳಾಗುವುದಾದರೆ ಮೊದಲು ಅಲ್ಲೇ. ಎವಿಐಎಫ್ ಎಂಬ ಇನ್ನೊಂದು ಫಾರ್ಮ್ಯಾಟ್‌ನಲ್ಲಿ ಫೈಲ್ ಸಾಮಾನ್ಯವಾಗಿ ಇನ್ನೂ ಚಿಕ್ಕದಾಗುತ್ತದೆ, ಆದರೆ ಅದಕ್ಕೆ ಬದಲಿಸುವುದು (ಎನ್‌ಕೋಡ್) ನಿಧಾನ. ಅಲ್ಲಿ ಅದೇ 75 ಹಾಕಬೇಡಿ: ಒಂದು ಫಾರ್ಮ್ಯಾಟ್‌ನ ಅಂಕಿಗೂ ಇನ್ನೊಂದರದ್ದಕ್ಕೂ ಸಂಬಂಧವಿಲ್ಲ. ಸಫಾರಿ ವೆಬ್‌ಪಿಯನ್ನು 2020ರಿಂದ, ಎವಿಐಎಫ್ ಅನ್ನು 2022ರಿಂದ ತೋರಿಸುತ್ತಿದೆ. ಹಳೆಯ ಐಫೋನ್‌ಗಳಿಗಾಗಿ ಒಂದೇ ಚಿತ್ರವನ್ನು ಹಲವು ಫಾರ್ಮ್ಯಾಟ್‌ಗಳಲ್ಲಿ ಕೊಡಬಲ್ಲ ಎಚ್‌ಟಿಎಂಎಲ್‌ನ ಪಿಕ್ಚರ್ ಟ್ಯಾಗ್‌ನಲ್ಲಿ ಕೊನೆಗೆ ಜೆಪೆಗ್ ಇಟ್ಟಿರಿ. ವಾಟ್ಸಾಪ್‌ನಲ್ಲಿ ಫೋಟೊ ಆಗಿ ಬಂದದ್ದು ಆಗಲೇ ಒಮ್ಮೆ ಹಿಂಡಿದ್ದು. ಅದನ್ನೇ ಮತ್ತೆ ಹಿಂಡುವ ಬದಲು ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ.

ನಿಜವಾದ ತಲೆನೋವು ರಾಜ್ಯೋತ್ಸವದ ಪೋಸ್ಟರ್. ಹಳದಿಯ ಮೇಲೆ ಕೆಂಪಕ್ಷರ, ಅದರಲ್ಲೂ ಒತ್ತಕ್ಷರ! ಲಾಸಿ (ಸ್ವಲ್ಪ ವಿವರ ಬಿಟ್ಟು ಹಿಂಡುವ) ವೆಬ್‌ಪಿ ಹೊಳಪನ್ನು ಪ್ರತಿ ಪಿಕ್ಸೆಲ್‌ಗೂ ಇಟ್ಟುಕೊಂಡು, ಬಣ್ಣವನ್ನು ಮಾತ್ರ ನಾಲ್ಕು ಪಿಕ್ಸೆಲ್‌ಗೆ ಒಂದರಂತೆ ಉಳಿಸುತ್ತದೆ. ಹಾಗಾಗಿ ಕೆಂಪು ಹಳದಿಯೊಳಗೆ ಸೋರಿ, ‘ರಾಷ್ಟ್ರ’ದ ಕೆಳಗಿನ ಒತ್ತುಗಳ ಸಂದು ಮುಚ್ಚಿಕೊಳ್ಳುತ್ತದೆ. ಕ್ವಾಲಿಟಿ 95 ಕೊಟ್ಟರೂ ಇದು ಪೂರ್ತಿ ಹೋಗದು. ಕೆಲವೇ ಬಣ್ಣಗಳಿರುವ ಪೋಸ್ಟರ್ ಆದರೆ ಲಾಸ್‌ಲೆಸ್ (ಏನನ್ನೂ ಕಳೆಯದ) ವೆಬ್‌ಪಿ ಮಾಡಿ. ಪಿಎನ್‌ಜಿಗಿಂತ ಸಾಮಾನ್ಯವಾಗಿ ಚಿಕ್ಕದೇ ಆಗುತ್ತದೆ. ಫೋಟೊವೂ ಸೇರಿದ್ದರೆ 4:4:4 (ಬಣ್ಣವನ್ನೂ ಪ್ರತಿ ಪಿಕ್ಸೆಲ್‌ಗೂ ಉಳಿಸುವ ಆಯ್ಕೆ) ಆರಿಸಿದ ಎವಿಐಎಫ್ ಅಥವಾ ಜೆಪೆಗ್. ದಿನಾಂಕ, ಸ್ಥಳ, ಸಮಯಗಳನ್ನು ಚಿತ್ರದಲ್ಲಿ ತುರುಕದೆ ಪುಟದಲ್ಲೇ ಯೂನಿಕೋಡ್‌ನಲ್ಲಿ ಬರೆದರೆ ಇನ್ನೂ ಒಳ್ಳೆಯದು, ಹುಡುಕಿದವರಿಗೂ ಸಿಗುತ್ತದೆ.

ಎಚ್‌ಟಿಎಂಎಲ್‌ನಲ್ಲಿ ವಿಡ್ತ್, ಹೈಟ್ ಬರೆಯಿರಿ. ಇಲ್ಲದಿದ್ದರೆ ಚಿತ್ರ ಬಂದಾಗ ಓದುತ್ತಿದ್ದ ಸಾಲು ಕೆಳಕ್ಕೆ ಜಾರುತ್ತದೆ. ಲೇಜಿ ಲೋಡಿಂಗ್ (ಓದುಗ ಹತ್ತಿರ ಬಂದಾಗಷ್ಟೇ ಚಿತ್ರ ತರಿಸುವುದು) ಕೆಳಗಿನ ಚಿತ್ರಗಳಿಗೆ ಮಾತ್ರ. ಪುಟ ತೆರೆದೊಡನೆ ಕಾಣುವ ದೊಡ್ಡ ಚಿತ್ರಕ್ಕೂ ಹಾಕಿಬಿಡುವ ಪ್ಲಗಿನ್‌ಗಳಿವೆ, ಆಗ ಅದೇ ತಡವಾಗಿ ಬರುತ್ತದೆ.

ನೂರಾರು ಫೋಟೊಗಳನ್ನು ಇಮೇಜ್‌ಮ್ಯಾಜಿಕ್ ಎಂಬ ತಂತ್ರಾಂಶದಿಂದ ಒಟ್ಟಿಗೆ ಬದಲಿಸುವಾಗ ಆಟೊ-ಓರಿಯೆಂಟ್ (ಫೋಟೊವನ್ನು ನೆಟ್ಟಗೆ ತಿರುಗಿಸುವ ಆಯ್ಕೆ) ಮೊದಲು, ಸ್ಟ್ರಿಪ್ ಆಮೇಲೆ. ಸ್ಟ್ರಿಪ್ ಮೆಟಾಡೇಟಾದ (ಫೈಲಿನಲ್ಲಿ ಅಡಗಿರುವ ಮಾಹಿತಿಯ) ಜತೆಗೆ ಫೋಟೊ ಯಾವ ಕಡೆ ತಿರುಗಬೇಕೆಂಬ ಗುರುತನ್ನೂ ಅಳಿಸುತ್ತದೆ; ಕ್ರಮ ತಪ್ಪಿದರೆ ನಿಂತವರೆಲ್ಲ ಅಡ್ಡ ಮಲಗುತ್ತಾರೆ. ಐಫೋನ್ ಫೋಟೊಗಳ ಬಣ್ಣದ ಪ್ರೊಫೈಲ್ ಕೂಡ ಅದರೊಂದಿಗೇ ಹೋಗಿ ಬಣ್ಣ ಪೇಲವವಾಗುತ್ತದೆ, ಆದ್ದರಿಂದ ಸ್ಟ್ರಿಪ್‌ಗೆ ಮುಂಚೆ ವೆಬ್‌ನ ಸಾಮಾನ್ಯ ಬಣ್ಣದ ಪ್ರೊಫೈಲ್ ಆದ ಎಸ್‌ಆರ್‌ಜಿಬಿಗೆ ಬದಲಿಸಿ. ಫೋಟೊ ತೆಗೆದ ಜಾಗದ ಜಿಪಿಎಸ್ ಗುರುತು ಅಳಿಯುತ್ತದಾದ್ದರಿಂದ ಸ್ಟ್ರಿಪ್ ಮಾತ್ರ ಬಿಡಬೇಡಿ.