ಪಂಪಿನ ಬಟನ್ ಒರೆಸುವವರು ಯಾರು?

ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಸೋಂಕು ತಡೆಯುವ ವಿಭಾಗದ ನರ್ಸ್ ನಾನು. ಕಳೆದ ಆಟಿ ತಿಂಗಳ ಮಳೆಯಲ್ಲಿ, ಸರಿಯಾಗಿ ಒರೆಸುತ್ತಾರಾ ಅಂತ ನೋಡಲು, ಐಸಿಯುವಿನ 6 ಬೆಡ್‌ಗಳಿಗೆ ಯಾರಿಗೂ ಹೇಳದೆ ಗುರುತು ಹಾಕಿದೆ. ಇದಕ್ಕೆಂದೇ ಒಂದು ಜೆಲ್ ಇದೆ. ಒಣಗಿದ ಮೇಲೆ ಬರಿಗಣ್ಣಿಗೆ ಕಾಣುವುದಿಲ್ಲ, ಯುವಿ ಟಾರ್ಚ್ ಬಿಟ್ಟರೆ ಹೊಳೆಯುತ್ತದೆ. ಒದ್ದೆ ಬಟ್ಟೆಯಲ್ಲಿ ಸರಿಯಾಗಿ ಒರೆಸಿದರೆ ಹೋಗುತ್ತದೆ. ಆ ಮಳೆಗೆ ಒಣಗಲಿಕ್ಕೇ ತುಂಬಾ ಹೊತ್ತು ಹಿಡಿಯಿತು.

ನೆಲ ಫಳಫಳ ಇದ್ದರೆ ವಾರ್ಡು ಕ್ಲೀನ್ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ಅಲ್ವಾ? ನನಗೆ ಹೆದರಿಕೆ ಇರುವುದು ಕೈ ತಾಗುವ ಜಾಗಗಳದ್ದು. ಬೆಡ್ ರೈಲ್ (ಬೆಡ್ಡಿನ ಪಕ್ಕದ ಕಂಬಿ), ಕಾಲಿಂಗ್ ಬೆಲ್, ಲಾಕರಿನ ಹಿಡಿ, ಡ್ರಿಪ್ ಸ್ಟ್ಯಾಂಡ್. ಎಂಆರ್‌ಎಸ್‌ಎ, ಅಸಿನೆಟೊಬ್ಯಾಕ್ಟರ್‌ನಂಥ ಬ್ಯಾಕ್ಟೀರಿಯಾಗಳು ಒಣಗಿದ ಜಾಗದಲ್ಲೂ ವಾರಗಟ್ಟಲೆ ಬದುಕುತ್ತವೆ. ಅಲ್ಲಿಂದ ನಮ್ಮ ಕೈಗೆ, ನಮ್ಮ ಕೈಯಿಂದ ಇನ್ನೊಬ್ಬ ರೋಗಿಗೆ.

ಮರುದಿನ ಹೌಸ್‌ಕೀಪಿಂಗ್ ಅಕ್ಕನನ್ನೂ ಕರೆದುಕೊಂಡು ಹೋಗಿ ಟಾರ್ಚ್ ಅವರ ಕೈಗೇ ಕೊಟ್ಟೆ. ಲಾಕರ್, ಬೆಲ್ ಚೊಕ್ಕ ಇದ್ದವು. ರೈಲಿನ ಅಡಿಭಾಗದಲ್ಲಿ ಮಾತ್ರ ಸಣ್ಣ ಸಣ್ಣ ಚುಕ್ಕೆ ಹೊಳೆಯಿತು. ಬಗ್ಗಿ ನೋಡಿದೆ. ಕಡಲ ಗಾಳಿಗೆ ತುಕ್ಕು ಹಿಡಿದು ಪೇಂಟ್ ಎದ್ದಿತ್ತು. ಬಟ್ಟೆ ಮೇಲಿಂದ ಹೋಗಿದೆ, ಆ ಗುಳಿಗಳ ಒಳಗೆ ಇಳಿದಿಲ್ಲ. ಅದು ಅಕ್ಕನ ತಪ್ಪಲ್ಲ.

ಆಮೇಲೆ ಔಷಧಿ ಹೋಗುವ ಪಂಪ್. 6ರಲ್ಲಿ 5 ಪಂಪಿನ ಬಟನ್ ಮೇಲೆ ನನ್ನ ಗುರುತು ಹಾಗೇ ಇತ್ತು.

"ಮೆಷಿನ್ ಮುಟ್ಟಬೇಡಿ ಅಂತ ಸೇರಿದ ದಿನವೇ ಹೇಳಿದ್ದಾರಲ್ಲ ಸಿಸ್ಟರ್" ಅಂದರು ಅಕ್ಕ.

ಹೌದು, ಹೇಳಿದ್ದು ನಾವೇ. ಪಂಪನ್ನು ಹೌಸ್‌ಕೀಪಿಂಗ್‌ನವರು ಒರೆಸುತ್ತಾರೆ ಅಂತ ನರ್ಸ್‌ಗಳು ಸುಮ್ನೆ ಇದ್ದೆವು. ದಿನಕ್ಕೆ ಅತಿ ಜಾಸ್ತಿ ಸಲ ನಾವು ಒತ್ತುವ ಬಟನ್ ಅದು. ನನಗೆ ನಿಜವಾಗಿ ನಾಚಿಕೆಯಾಯಿತು.

ಅಮೆರಿಕದ 36 ಆಸ್ಪತ್ರೆಗಳಲ್ಲಿ ಹೀಗೇ ಗುರುತು ಹಾಕಿ ನೋಡಿದ ಅಧ್ಯಯನವೊಂದು 2008ರಲ್ಲಿ ಪ್ರಕಟವಾಗಿತ್ತು. ಮೊದಲು ಒರೆಸಿದ್ದು ಶೇ. 48ರಷ್ಟು ಜಾಗ ಮಾತ್ರ. ಸಿಬ್ಬಂದಿಗೆ ಫಲಿತಾಂಶ ತೋರಿಸಿ ಕಲಿಸಿದ ಮೇಲೆ ಅದು ಶೇ. 77ಕ್ಕೆ ಏರಿತು. ಬೈದರೆ ಆಗುವ ಕೆಲಸ ಅಲ್ಲ ಇದು, ತೋರಿಸಬೇಕು.

ಈಗ ಯಾವ ವಸ್ತು ಯಾರ ಪಾಲು ಅಂತ ಬರೆದು ಗೋಡೆಗೆ ಅಂಟಿಸಿದ್ದೇವೆ. ಪಂಪ್, ಮಾನಿಟರ್ ಡ್ಯೂಟಿ ನರ್ಸಿಗೆ, ಪ್ರತಿ ಶಿಫ್ಟಿಗೆ ಒಮ್ಮೆ. ಮೊನ್ನೆ ಪುನಃ ಟಾರ್ಚ್ ಬಿಟ್ಟೆ, ಒಂದು ಪಂಪೂ ಹೊಳೆಯಲಿಲ್ಲ. ತುಕ್ಕು ಹಿಡಿದ ರೈಲು ಈಗಲೂ ಹೊಳೆಯುತ್ತಿದೆ. ಹೊಸ ರೈಲಿಗೆ ಬರೆದು ಕೊಟ್ಟಿದ್ದೇನೆ.