ಐದನೇ ಸಬ್ಜೆಕ್ಟು

2010ರಲ್ಲಿ ಸಿಇಟಿ ಬರೆದು ಮೆಕ್ಯಾನಿಕಲ್ ಎಂಜಿನಿಯರಿಂಗ್‌ಗೆ ಸೇರಿದೆ. ಲಿಂಗಸುಗೂರು ತಾಲ್ಲೂಕಿನ ಹಳ್ಳಿ, ಹತ್ತನೇ ಕ್ಲಾಸಿನವರೆಗೂ ಕನ್ನಡ ಮೀಡಿಯಂ. ಗ್ರಾಮೀಣ ಕೋಟಾ ಶೇ 15, ಕನ್ನಡ ಮಾಧ್ಯಮದ ಕೋಟಾ ಶೇ 5 ಇದೆಯಲ್ವಾ, ಅದರಿಂದಲೇ ನನಗೆ ಸೀಟು ಸಿಕ್ಕಿದ್ದು. ಸೀಟು ಸಿಗೋಕೆ ನಿಯಮ ಇತ್ತು. ಸಿಕ್ಕ ಸೀಟಿನಲ್ಲಿ ನಾಲ್ಕು ವರ್ಷ ಕೂರೋದು ಹೇಗೆ ಅಂತ ಯಾರೂ ಹೇಳಿರಲಿಲ್ಲ.

ಮೊದಲ ಹೊಡೆತ ಡ್ರಾಯಿಂಗ್. ಸರ್ ‘ಎಚ್‌ಪಿ, ವಿಪಿ’ ಅಂತ ಒಂದೇ ಸಮನೆ ಹೇಳುತ್ತಾ ಹೋದರು. ನನಗೆ ಎಚ್‌ಪಿ ಅಂದ್ರೆ ಗ್ಯಾಸ್ ಸಿಲಿಂಡರ್. ನಗಬೇಡಿ. ಕಂಪ್ಯೂಟರಿನಲ್ಲಿ ಸಾಲಿಡ್ ಎಡ್ಜ್ ಅನ್ನೋ ಡ್ರಾಯಿಂಗ್ ಸಾಫ್ಟ್‌ವೇರ್ ತೆರೆದು ಗೆರೆ ಎಳೆಯಬೇಕು, ನಾನು ಮೌಸ್ ಮುಟ್ಟಿದ್ದೇ ಅವತ್ತು. ಇಂಗ್ಲಿಷಿನಲ್ಲಿ ಕೇಳೋಕೆ ಬರುತ್ತಿರಲಿಲ್ಲ, ಅದಕ್ಕೇ ಕೇಳಲಿಲ್ಲ, ಕೇಳಲಿಲ್ಲ ಅಂದ್ಮೇಲೆ ಅರ್ಥ ಆಗಿದೆ ಅಂದುಕೊಂಡರು.

ಬಿಡಿಸಿ ಹೇಳಿದ್ದು ವರ್ಕ್‌ಶಾಪಿನ ಇನ್‌ಸ್ಟ್ರಕ್ಟರ್. ನನ್ನ ನೋಟ್‌ಬುಕ್ ತೆಗೆದು ಅರ್ಧ ತೆರೆದು ನಿಲ್ಲಿಸಿದರು. ಮಲಗಿದ ಹಾಳೆ ನೆಲ, ಅದೇ ಎಚ್‌ಪಿ, ಹಾರಿಜಾಂಟಲ್ ಪ್ಲೇನ್. ನಿಂತ ಹಾಳೆ ಗೋಡೆ, ಅದು ವಿಪಿ, ವರ್ಟಿಕಲ್ ಪ್ಲೇನ್. ನಡುವೆ ಪೆನ್ಸಿಲನ್ನು ಓರೆಯಾಗಿ ಹಿಡಿದು, ‘ಮೇಲಿಂದ ನೋಡಿದ್ರೆ ನೆಲದ ಮೇಲೆ ಎಷ್ಟುದ್ದ ಕಾಣುತ್ತೆ? ಎದುರಿಂದ ನೋಡಿದ್ರೆ ಗೋಡೆ ಮೇಲೆ?’ ಅಂದರು. ಆಮೇಲೆ ಪುಸ್ತಕ ಚಪ್ಪಟೆ ಮಾಡಿ, ‘ಎಕ್ಸ್‌ವೈ ಲೈನ್ ಅಂದ್ರೆ ಈ ಹೊಲಿಗೆ ಕಣೋ, ನೆಲ ಗೋಡೆ ಸೇರೋ ಗೆರೆ’ ಅಂದರು. ಟಾಪ್ ವ್ಯೂ, ಅಂದ್ರೆ ಮೇಲಿಂದ ಕಾಣೋ ಚಿತ್ರ, ಹಾಳೆಯಲ್ಲಿ ಯಾಕೆ ಕೆಳಗೆ ಬರುತ್ತೆ ಅನ್ನೋದು ಆ ಎರಡು ನಿಮಿಷದಲ್ಲಿ ತಲೆಗೆ ಹೋಯಿತು.

ನೋಟಿಸ್ ಬೋರ್ಡಿನಲ್ಲಿ ‘ಸ್ಲೋ ಲರ್ನರ್ಸ್’ ಅಂತ ಒಂದು ಪಟ್ಟಿ ಹಾಕುತ್ತಿದ್ದರು. ಸಂಜೆ ಐದಕ್ಕೆ ಅವರಿಗೆ ಪಾಠ. ಹೆಸರು ಬಂದವರು ಆ ಬೋರ್ಡಿನ ಕಡೆ ನಡೆಯೋದೇ ಬಿಟ್ಟರು, ಇನ್ನು ಪಾಠಕ್ಕೆ ಯಾರು ಹೋಗ್ತಾರೆ? ನಾನಂತೂ ಹೋಗಲಿಲ್ಲ. ಹಳ್ಳಿಗೆ ಹೋಗುವ ಹುಡುಗರ ಕೊನೆ ಬಸ್ಸೂ ಐದೂವರೆಗೇ ಇತ್ತು, ನಮ್ಮ ಸೆಕ್ಷನ್‌ನಲ್ಲಿದ್ದ ಒಬ್ಬಳೇ ಹುಡುಗಿಗೆ ಹಾಸ್ಟೆಲ್ ಗೇಟ್ ಆರಕ್ಕೆ ಮುಚ್ಚುತ್ತಿತ್ತು. ಗಣಿತದ ಮೇಡಂ ಅದನ್ನು ಗಮನಿಸಿ, ಎರಡನೇ ವರ್ಷದಲ್ಲಿ ಪಟ್ಟಿಯೂ ಬೇಡ ಹೆಸರೂ ಬೇಡ ಅಂತ, ಊಟದ ಹೊತ್ತಲ್ಲಿ ಡ್ರಾಯಿಂಗ್ ಹಾಲಿನ ಒಂದು ಟೇಬಲ್ಲಿಗೆ ತಮ್ಮ ಡಬ್ಬಿ ಸಮೇತ ಬಂದು ಕೂತರು. ಯಾರು ಬೇಕಾದರೂ ಬರಬಹುದು. ಮೊದಲ ದಿನ ಮೂವರಿದ್ದೆವು, ತಿಂಗಳಲ್ಲಿ ಕುರ್ಚಿ ಸಾಲದಾಯಿತು.

ಮೂರನೇ ಸೆಮ್‌ಗೆ ಡಿಪ್ಲೊಮಾದಿಂದ ಸೇರಿದವರೂ ಅಲ್ಲಿಗೇ ಬಂದರು. ಅವರಿಗೆ ಎಂ3, ಅಂದ್ರೆ ಮೂರನೇ ಸೆಮ್‌ನ ಗಣಿತ, ಅದರ ಜೊತೆಗೆ ಡಿಪ್ಲೊಮಾದವರಿಗೇ ಅಂತ ಇದ್ದ ‘ಡಿಪ್ ಮ್ಯಾಥ್ಸ್’ ಬೇರೆ. ಲೇತ್ ಮಷೀನ್ ಮುಂದೆ ನಿಂತರೆ ನಮಗೆ ಗುರುಗಳು, ಫೋರಿಯರ್ ಸೀರೀಸ್ ಅಂದ್ರೆ ಬೆವರು. ನಾನು ಅವರಿಗೆ ಇಂಟಿಗ್ರೇಷನ್ ಹೇಳಿಕೊಟ್ಟೆ, ಅವರು ನನಗೆ ಥ್ರೆಡ್ ಕಟಿಂಗ್ ಕಲಿಸಿದರು. ಹೇಳಿಕೊಡೋಕೆ ಹೋಗಿಯೇ ನಾನು ಜಾಸ್ತಿ ಕಲಿತೆ.

ಆದರೆ ಆ ಟೇಬಲ್ ಶುರುವಾಗಿದ್ದು ಒಂದು ವರ್ಷ ತಡವಾಗಿ. ನಮ್ಮ ಯೂನಿವರ್ಸಿಟಿ ವಿಟಿಯುನ ಆಗಿನ ನಿಯಮದಲ್ಲಿ ನಾಲ್ಕು ಸಬ್ಜೆಕ್ಟ್ ಬಾಕಿ ಇಟ್ಟುಕೊಂಡು ಮುಂದಿನ ವರ್ಷಕ್ಕೆ ಹೋಗಬಹುದಿತ್ತು, ಐದಾದರೆ ಇಯರ್ ಬ್ಯಾಕ್, ಮುಂದಿನ ವರ್ಷಕ್ಕೆ ಹೋಗೋ ಹಾಗಿಲ್ಲ. ಮೊದಲ ವರ್ಷದ ಕೊನೆಗೆ ನನ್ನದು ನಾಲ್ಕು ಇತ್ತು. ಸಿಂಧನೂರು ಕಡೆಯ ನನ್ನ ರೂಮ್‌ಮೇಟ್‌ದು ಐದು. ಐದನೆಯದು ಡ್ರಾಯಿಂಗ್. ನೋಟ್‌ಬುಕ್ಕಿನ ವಿದ್ಯೆ ನಾನು ಅವನಿಗೆ ತೋರಿಸಿಯೇ ಇರಲಿಲ್ಲ, ಸುಮ್ನೆ, ನೆನಪಾಗಲಿಲ್ಲ ಅಷ್ಟೇ. ಟ್ರಂಕ್ ಹೊತ್ತುಕೊಂಡು ಹೊರಟಾಗ, ‘ಬಕೆಟ್ ಇಲ್ಲೇ ಇರ್ಲಿ ಬಿಡಲೇ, ಹೊಳ್ಳಿ ಬರ್ತೀನಲ್ಲ’ ಅಂದ. ಕಾಲೇಜಿನಿಂದ ಅವನಿಗೆ ಯಾರೂ ಫೋನ್ ಮಾಡಲಿಲ್ಲ. ನಾನೂ ಎರಡು ಸಲ ಮಾಡಿ ಬಿಟ್ಟೆ. ಆ ನೀಲಿ ಬಕೆಟ್ಟಿನಲ್ಲೇ ಫೈನಲ್ ಇಯರ್‌ವರೆಗೂ ಸ್ನಾನ ಮಾಡಿದೆ.